ಪಳಗಿದ ಬೂಟು

ಗುಮಾಸ್ತರ ಮನೆಯಲ್ಲಿ ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ತೆಗೆಯುವ ರೂಢಿ ಇರಲಿಲ್ಲ. ಸೋಫಾ ಬಂದು ಎಷ್ಟೋ ವರ್ಷವಾಗಿದ್ದರೂ ಅಂಗಡಿಯವನು ಸುತ್ತಿಕೊಟ್ಟ ಹಾಳೆ ಹಾಗೆಯೇ ಇತ್ತು. ಕೂತವರು ಅಲುಗಾಡಿದರೆ ಚರಚರ ಸದ್ದು. ರಿಮೋಟಿಗೂ ಕವರು, ಗಡಿಯಾರದ ಗಾಜಿಗೂ ಕವರು. "ಒಳ್ಳೇದನ್ನ ಒಳ್ಳೇ ದಿನಕ್ಕೆ ಅಂತ ಇಟ್ಕೋಬೇಕು" ಎನ್ನುವುದು ಅವರ ಸಿದ್ಧಾಂತ. ಆ ಸಿದ್ಧಾಂತವೇ ಒಂದು ಶನಿವಾರ ಅವರನ್ನು ಬೀದಿಗೆ ತಂದಿತು.

ಇದಕ್ಕೆಲ್ಲ ಮೂಲವಾದ ಸಿಟ್ಟಿನ ಬೇರು ಇದ್ದದ್ದು ಆಫೀಸಿನಲ್ಲಿ. ಟಪಾಲು ವಿಭಾಗ ಇರುವುದು ಕೊನೆಯ ಮಹಡಿಯಲ್ಲಿ, ಲಿಫ್ಟು ಇರುವುದು ಯಾವಾಗಲೂ ದುರಸ್ತಿಯಲ್ಲಿ. ಗುಮಾಸ್ತರು ಮೆಟ್ಟಿಲು ಹತ್ತಿ, ಗೋಡೆ ಹಿಡಿದು ಏದುಸಿರು ಬಿಡುವ ಹೊತ್ತಿಗೆ ಸರಿಯಾಗಿ ಅಕೌಂಟೆಂಟರು ಬಾಗಿಲಿಗೆ ಬಂದು, "ಎಲ್ಲರೂ ಸರೀರಿ, ಗೂಡ್ಸ್ ಗಾಡಿ ಬಂತು! ಕೂ..." ಎನ್ನುವರು. ಇಡೀ ಮಹಡಿ ನಗುವುದು. ಒಬ್ಬ ಮನುಷ್ಯನ ಉಸಿರಾಟವನ್ನು ಗೇಲಿ ಮಾಡುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಅಷ್ಟರಲ್ಲಿ ಊರಿನ ಕ್ರೀಡಾಸಂಘದವರು ಟ್ರಯಥ್ಲಾನ್ ನಡೆಸುವುದಾಗಿ ಸಾರಿದರು. ಮೊದಲು ಈಜು, ಆಮೇಲೆ ಸೈಕಲ್ಲು, ಕೊನೆಗೆ ಓಟ. ಮೂರನ್ನೂ ಒಬ್ಬರೇ ಮಾಡಬಹುದು, ಇಲ್ಲವೇ ಮೂವರು ತಂಡ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದನ್ನು ಹಂಚಿಕೊಳ್ಳಬಹುದು. ಸಂಘದ ಖಜಾಂಚಿ ನಮ್ಮ ಅಕೌಂಟೆಂಟರೇ. ಗುಮಾಸ್ತರು ಒಂದು ಬೆಳಿಗ್ಗೆ, ಏದುಸಿರಿನ ನಡುವೆಯೇ, ಅವರೆದುರು ಸೆಟೆದು ನಿಂತರು.

"ಮೂರನ್ನೂ ನಾನೊಬ್ಬನೇ ಮಾಡಿ ಗೆರೆ ದಾಟ್ತೀನಿ. ದಾಟಿದ್ರೆ ಏನ್ ಮಾಡ್ತೀರಿ?"

"ದಾಟಿ ಸ್ವಾಮಿ. ಗೆರೆ ದಾಟಿದವರಿಗೆ ನಾನು ಜನ್ಮದಲ್ಲಿ ಅಡ್ಡಹೆಸರು ಇಡಲ್ಲ. ಕಂಡ್ರೆ ಎದ್ದು ನಿಂತು ಸಾರ್ ಅಂತೀನಿ. ಇಡೀ ಮಹಡಿಗೆ ಕೇಳಿಸೋ ಹಾಗೆ."

ಆ ಒಂದು 'ಸಾರ್'ಗಾಗಿ ಗುಮಾಸ್ತರು ಅಂಗಡಿ ಅಂಗಡಿ ಅಲೆದರು. ಬೂಟಿನಂಗಡಿಯವನು ಅವರನ್ನು ಬರಿಗಾಲಲ್ಲಿ ನಡೆಸಿ, ಹಿಂದಿನಿಂದ ಬಗ್ಗಿ ನೋಡಿ, "ನಿಮ್ಮ ಪಾದ ಒಳಕ್ಕೆ ವಾಲುತ್ತೆ ಸಾರ್" ಎಂದ. "ಇಷ್ಟು ವರ್ಷ ಎಲ್ಲಿಗೂ ವಾಲದೆ ನನ್ನ ಮನೆಗೇ ಕರ್ಕೊಂಡು ಬಂದಿದೆಯಪ್ಪ" ಎಂದು ಗುಮಾಸ್ತರು ರೇಗಿದರು. ಓಡುವಾಗ ಪಾದ ಊದುತ್ತದೆ ಎಂದು ಹೆದರಿಸಿ ಒಂದು ಅಳತೆ ದೊಡ್ಡ ಬೂಟನ್ನೇ ಅವನು ಕಟ್ಟಿಕೊಟ್ಟ. ಈಜುವ ಕನ್ನಡಕ ಬಂತು. ಬ್ಲೇಡಿನಷ್ಟು ತೆಳ್ಳಗಿನ ಸೀಟಿನ ಸೈಕಲ್ಲೂ ಬಂತು. ಎಲ್ಲವೂ ಪ್ಲಾಸ್ಟಿಕ್ಕಿನ ಸಮೇತ ಒಳಕೋಣೆ ಸೇರಿದವು. ಅಭ್ಯಾಸವೆಲ್ಲ ಹರಕು ಕ್ಯಾನ್ವಾಸ್ ಬೂಟಿನಲ್ಲಿ, ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ಹಳೆಯ ಕ್ಯಾರಿಯರ್ ಸೈಕಲ್ಲಿನಲ್ಲಿ. ಆದರೂ ನಿಷ್ಠೆಯಿಂದ ಮಾಡಿದರು. ಹೊಟ್ಟೆ ಇಳಿಯಿತು, ಉಸಿರು ಹದಕ್ಕೆ ಬಂತು. ಹೊಸ ಸಾಮಾನು ಮಾತ್ರ ಪಂದ್ಯದ ದಿನಕ್ಕೆ.

ಪಂದ್ಯದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಎಲ್ಲವನ್ನೂ ಹಜಾರಕ್ಕೆ ತಂದು ಸಾಲಾಗಿಟ್ಟು ಕಣ್ತುಂಬ ನೋಡುತ್ತಿದ್ದಾಗ ಡ್ರಿಲ್ ಮೇಷ್ಟ್ರು ಒಳಗೆ ಬಂದರು. ಬೂಟನ್ನೆತ್ತಿ ತಳ ನೋಡಿದರು. ಒಂದು ಧೂಳಿನ ಕಣವೂ ಇರಲಿಲ್ಲ.

"ಇದನ್ನ ಒಂದು ದಿನವೂ ಹಾಕಿಲ್ವಾ?"

"ಇಲ್ಲ ಮೇಷ್ಟ್ರೇ. ನಾಳೆಗೇ ಮುಹೂರ್ತ."

"ಅಯ್ಯೋ, ತಲೆ ಕೆಟ್ಟಿದೆಯೇನ್ರೀ ನಿಮಗೆ!" ಮೇಷ್ಟ್ರ ಕೂಗಿಗೆ ಅಡುಗೆಮನೆಯಿಂದ ಗುಮಾಸ್ತರ ಹೆಂಡತಿ ಓಡಿಬಂದರು, ಸೋಫಾದಲ್ಲಿ ಮಲಗಿದ್ದ ಆಕೆಯ ತಮ್ಮ ಚರಚರ ಸದ್ದು ಮಾಡುತ್ತ ಎದ್ದು ಕೂತ. "ಹೊಸ ಶೂ ಹಾಕ್ಕೊಂಡು ಪಂದ್ಯ ಓಡ್ತಾರಾ? ಕಾಲ್ತುಂಬ ಬೊಬ್ಬೆ ಏಳುತ್ತೆ. ಸೀಟು ತೊಡೆ ಕೊಯ್ಯುತ್ತೆ. ಕನ್ನಡಕದೊಳಗೆ ನೀರು ನುಗ್ಗುತ್ತೆ. ಎಲ್ಲಾ ಪಳಗಿಸ್ಬೇಕು ಕಣ್ರೀ, ಪಳಗಿಸ್ಬೇಕು!"

ಗುಮಾಸ್ತರ ಮುಖ ಬಾಡಿತು. "ಹಾಗಾದ್ರೆ ಈಗಲೇ ಹಾಕ್ಕೊಂಡು ಒಂದು ಸುತ್ತು..."

"ಕೂತ್ಕೊಳ್ಳಿ! ಪಂದ್ಯದ ಹಿಂದಿನ ದಿನ ಪೂರ್ತಿ ವಿಶ್ರಾಂತಿ. ಒಂದು ಹೆಜ್ಜೆ ಓಡಿದ್ರೂ ನಾಳೆ ಕಾಲು ಹಿಡ್ಕೊಳ್ಳುತ್ತೆ."

ಅತ್ತ ದರಿ, ಇತ್ತ ಪುಲಿ. ಸಾಮಾನು ಓಡಲೇಬೇಕು, ಯಜಮಾನ ಓಡಲೇಬಾರದು. ದಾರಿಯನ್ನೂ ಮೇಷ್ಟ್ರೇ ಕಂಡುಹಿಡಿದರು. ಸೈಕಲ್ಲನ್ನು ಅವರು ಪಳಗಿಸುವುದು. ಬೂಟು ಭಾಮೈದನಿಗೆ, ಏಕೆಂದರೆ ಅವನ ಪಾದ ಭಾವನದಕ್ಕಿಂತ ಒಂದು ಅಳತೆ ದೊಡ್ಡದು. ಮದುವೆಗೆ ಮೊದಲು ತವರಿನ ಹೊಳೆಯಲ್ಲಿ ಮೀನಿನಂತೆ ಈಜುತ್ತಿದ್ದ ಹೆಂಡತಿಗೆ ಕನ್ನಡಕ.

"ಈಜು ಬಿಟ್ಟು ಎಷ್ಟು ಕಾಲವಾಯ್ತು, ನೀನು ಮುಳುಗ್ದಿದ್ರೆ ಸಾಕು" ಎಂದು ಗುಮಾಸ್ತರು ಗೊಣಗಿದರು.

"ಮೊದಲು ಈರುಳ್ಳಿ ಹೆಚ್ಚಿ ನೋಡ್ತೀನಿ ತಾಳಿ" ಎಂದರು ಅವರು. ಹಾಕಿಕೊಂಡು ಈರುಳ್ಳಿಯನ್ನೆಲ್ಲ ಹೆಚ್ಚಿದರು. ಒಂದು ಹನಿ ಕಣ್ಣೀರು ಬರಲಿಲ್ಲ. "ಪರವಾಗಿಲ್ಲ ಕಣ್ರೀ, ಒಳ್ಳೇ ಮಾಲು. ನೀರಲ್ಲಿ ಹೇಗೋ ನೋಡಿ ಬರ್ತೀನಿ" ಎಂದು ಚೀಲ ಹಿಡಿದು ಈಜುಕೊಳಕ್ಕೆ ಹೊರಟೇಬಿಟ್ಟರು.

ಇನ್ನು ಭಾಮೈದ. ರಿಮೋಟು ಕೈಗೆ ಸಿಗದಿದ್ದರೆ ಬೇಡದ ಕಾರ್ಯಕ್ರಮವನ್ನೇ ನೋಡುವ ಜಾತಿಯ ಸೋಮಾರಿ. ಬೂಟು ಹಾಕಿಕೊಂಡು ಎರಡು ಸಲ ಕುಪ್ಪಳಿಸಿದವನ ಮುಖ ಅರಳಿತು.

"ಭಾವ! ಇದು ನನ್ನನ್ನ ತಾನೇ ಎತ್ತಿ ಎತ್ತಿ ಹಾಕುತ್ತೆ!"

"ನಿಧಾನ ಕಣೋ. ತಳ ಸವೆಸ್ಬೇಡ. ಕೆಸರು ತುಳೀಬೇಡ."

ಮೇಷ್ಟ್ರು ಸೈಕಲ್ಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಪರ್ರನೆ ಹರಿದರು. ಗುಮಾಸ್ತರಿಗೆ ತಮ್ಮ ಚರ್ಮ ಸುಲಿದಷ್ಟು ನೋವಾಯಿತು. ಸಂಜೆ ಆರರೊಳಗೆ ತಾವು ಮೈದಾನದಲ್ಲಿ ಸೈಕಲ್ಲು ಒಪ್ಪಿಸಿ, ಡಾಕ್ಟರಿಗೆ ಮೈ ತೋರಿಸಿ, ಎದೆಗೆ ಕಟ್ಟುವ ನಂಬರು ಪಡೆಯಬೇಕು, ಅದಕ್ಕೆ ಮೊದಲೇ ಸಾಮಾನು ಮನೆಗೆ ಬರಬೇಕು ಎಂದು ಗುಮಾಸ್ತರು ಮೂವರಿಗೂ ಒತ್ತಿ ಹೇಳಿದರು. ಮೂವರೂ ತಲೆಯಾಡಿಸಿ ಹೋದರು. ಗುಮಾಸ್ತರು ಕಾಲು ಮೇಲಕ್ಕೆ ಹಾಕಿ ಸೋಫಾದಲ್ಲಿ ವಿಶ್ರಾಂತಿ ಆರಂಭಿಸಿದರು.

ಅಂಥ ಆಯಾಸದ ವಿಶ್ರಾಂತಿಯನ್ನು ಅವರು ಜನ್ಮದಲ್ಲಿ ಪಟ್ಟಿರಲಿಲ್ಲ. ಮಧ್ಯಾಹ್ನ ಕಳೆಯಿತು, ಯಾರೂ ಬರಲಿಲ್ಲ. ಊಟಕ್ಕೆ ಹೆಚ್ಚಿಟ್ಟ ಈರುಳ್ಳಿಯೊಂದೇ ಇತ್ತು. ಬಿಸಿಲು ಇಳಿಯಿತು, ಆಗಲೂ ಯಾರೂ ಬರಲಿಲ್ಲ. ಭಾಮೈದನಿಗೆ ಫೋನು ಮಾಡಿದರೆ ಅದು ಸೋಫಾದ ಸಂದಿಯಲ್ಲೇ ಕೂಗಿತು. ಹೆಂಡತಿಯ ಫೋನು ಅಡುಗೆಮನೆಯಲ್ಲಿ. ಮೇಷ್ಟ್ರು ಫೋನನ್ನೇ ಇಟ್ಟುಕೊಂಡವರಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ತಮ್ಮ ಬೂಟು, ತಮ್ಮ ಸೈಕಲ್ಲು, ತಮ್ಮ ಕನ್ನಡಕ ಊರೆಲ್ಲ ಮೆರೆಯುತ್ತಿರುವಾಗ ತಾವು ಹೆಣದ ಹಾಗೆ ಬಿದ್ದುಕೊಂಡಿರಬೇಕೆ? ಗುಮಾಸ್ತರು ಧಡಕ್ಕನೆ ಎದ್ದರು.

ಕ್ಯಾನ್ವಾಸ್ ಬೂಟು ಹುಡುಕಿದರೆ ಅದು ಇರಲಿಲ್ಲ. ಹೊಸದು ಹೇಗೂ ಪಳಗುತ್ತಿದೆಯಲ್ಲ ಎಂದು ಹೆಂಡತಿ ಬೆಳಿಗ್ಗೆಯೇ ಅದನ್ನು ಕಸದ ಗಾಡಿಗೆ ಹಾಕಿದ್ದರು. ಮೇಷ್ಟ್ರ ಹಳೆಯ ಸೈಕಲ್ಲು ಗೇಟಿನ ಬಳಿಯೇ ಇತ್ತು. ಬೀಗದ ಕೈ ಮೇಷ್ಟ್ರ ಜೇಬಿನಲ್ಲಿತ್ತು. ಉಳಿದದ್ದು ಬಚ್ಚಲಿಗೆ ಹೋಗುವ ಹವಾಯಿ ಚಪ್ಪಲಿ. ಅದನ್ನೇ ಮೆಟ್ಟಿಕೊಂಡು ಓಡಿದರು.

ಪಾರ್ಕಿನಲ್ಲಿ ದೂರದಲ್ಲಿ ತಮ್ಮ ಬೂಟು ಕಂಡಿತು. ಅದರ ಮೇಲೆ ಭಾಮೈದ ಹಾರುತ್ತಿದ್ದ. "ನಿಲ್ಲೋ! ಲೋ, ನಿಲ್ಲೋ!" ಎಂದು ಕೂಗಿಕೊಂಡು ಗುಮಾಸ್ತರು ಬೆನ್ನಟ್ಟಿದರು. ಅವನು ಕಿವಿಗೆ ಪುಟ್ಟ ರೇಡಿಯೋದ ಹಾಡು ಸಿಕ್ಕಿಸಿಕೊಂಡಿದ್ದ. ನಾಲ್ಕು ಸುತ್ತು ಹಾಕಿಸಿ, ತಿರುಗಿಯೂ ನೋಡದೆ ಹಿಂದಿನ ಗೇಟಿನಿಂದ ಹೊರಬಿದ್ದ. ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು, "ಏನು ಕದ್ದ ಅವನು?" ಎಂದರು. "ನನ್ನ ಶೂ!" ಎಂದರು ಗುಮಾಸ್ತರು. "ಶೂಗೋಸ್ಕರ ಇಷ್ಟೊಂದಾ?" ಎಂದು ಮುದುಕರು ತಲೆ ಕೊಡವಿದರು.

ದೊಡ್ಡ ರಸ್ತೆಗೆ ಬಂದರೆ ಪಕ್ಕದಲ್ಲೇ ಸುಂಯ್ ಎಂದು ಸೈಕಲ್ಲೊಂದು ಹಾದುಹೋಯಿತು. ಮೇಲೆ ಬಿಲ್ಲಿನಂತೆ ಬಗ್ಗಿದ್ದ ಡ್ರಿಲ್ ಮೇಷ್ಟ್ರು.

"ಮೇಷ್ಟ್ರೇ! ನನ್ನ ಸೈಕಲ್ಲು!"

ಮೇಷ್ಟ್ರು ತಿರುಗಿ ನೋಡಿ ಕೆಂಡವಾದರು. "ಓಡ್ತಿದ್ದೀರಾ? ಬುದ್ಧಿ ಇದೆಯೇನ್ರೀ? ವಿಶ್ರಾಂತಿ ತಗೊಳ್ಳಿ, ವಿಶ್ರಾಂತಿ!" ಎಂದು ಗದರುತ್ತಲೇ ತಿರುವಿನಲ್ಲಿ ಮಾಯವಾದರು.

ತಮ್ಮ ಸೈಕಲ್ಲಿನ ಮೇಲೆ ಕೂತು ತಮಗೇ ಬುದ್ಧಿವಾದ! ಗುಮಾಸ್ತರ ಸಿಟ್ಟು ನೆತ್ತಿಗೇರಿತು, ಅದರ ಜೊತೆಗೆ ಕಾಲಿನ ವೇಗವೂ ಏರಿತು. ಈಜುಕೊಳಕ್ಕೆ ಹೋದರೆ ಬಾಗಿಲಲ್ಲಿದ್ದ ಹೆಂಗಸು, "ಇದು ಹೆಂಗಸರ ಹೊತ್ತು, ಒಳಗೆ ಹೋಗ್ಬೇಡಿ" ಎಂದು ಅಡ್ಡಗಟ್ಟಿದಳು. ಅಷ್ಟು ಹೊತ್ತು ಈಜುತ್ತಿದ್ದ ಒಬ್ಬ ಅಕ್ಕಾವರು ಈಗಷ್ಟೇ ಆಟೋ ಹತ್ತಿದರಂತೆ. "ಏನ್ ಈಜ್ತಾರೆ ಅಂತೀರಿ! ಉಳಿದವರೆಲ್ಲ ದಡಕ್ಕೆ ಬಂದು ನಿಂತು ನೋಡಿದ್ರು." ಮೆಚ್ಚಿಕೊಳ್ಳುವ ಪುರುಸೊತ್ತು ಯಾರಿಗಿದೆ? ಆಟೋ ಹಿಡಿಯೋಣವೆಂದರೆ ಜೇಬು ಮನೆಯಲ್ಲಿ ಬಿಟ್ಟ ಪ್ಯಾಂಟಿನಲ್ಲಿತ್ತು. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅದನ್ನು ಬೆರಳಲ್ಲೇ ಕಚ್ಚಿ ಹಿಡಿದು, ಊರ ಆ ತುದಿಯ ಮೈದಾನದವರೆಗೆ ಒಂದೇ ಉಸಿರಿಗೆ ಓಡಿದರು. ಅಭ್ಯಾಸದ ದಿನಗಳಲ್ಲಿ ಎಂದೂ ಅಷ್ಟು ದೂರ, ಅಷ್ಟು ಚೆನ್ನಾಗಿ ಓಡಿರಲಿಲ್ಲ. ನೋಡಲು ಒಬ್ಬ ಪರಿಚಿತನೂ ದಾರಿಯಲ್ಲಿ ಸಿಗಲಿಲ್ಲ.

ಮೈದಾನದ ಶಾಮಿಯಾನದಡಿ ಮೂವರೂ ಹಾಯಾಗಿ ಕೂತು ಕಾಫಿ ಕುಡಿಯುತ್ತಿದ್ದರು.

"ಬಂದ್ರಾ? ನಿಮಗೆ ತೊಂದ್ರೆ ಯಾಕೆ ಅಂತ ಸಾಮಾನನ್ನ ನೇರ ಇಲ್ಲಿಗೇ ತಂದ್ವಿ" ಎಂದರು ಹೆಂಡತಿ. ಆಮೇಲೆ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನ್ರೀ ಅವತಾರ? ಆಟೋದಲ್ಲಿ ಬರೋದಲ್ವಾ?"

ಗುಮಾಸ್ತರು ಬಾಯಿ ತೆರೆದರು. ಮಾತು ಬರಲಿಲ್ಲ, ಉಸಿರು ಮಾತ್ರ ಬಂತು. ಅಲ್ಲೇ ಮೇಜಿನ ಹಿಂದೆ ಕೂತಿದ್ದ ಡಾಕ್ಟರಮ್ಮ ಆ ಸದ್ದಿಗೆ ತಲೆಯೆತ್ತಿ, "ನೀವು ಇಲ್ಲಿ ಬನ್ನಿ" ಎಂದರು. ನಾಡಿ ಹಿಡಿದರು, ಹುಬ್ಬೇರಿಸಿದರು. ಎದೆಗೆ ಕೊಳವೆ ಇಟ್ಟು ತಟಕ್ಕನೆ ತೆಗೆದರು. ಕೊನೆಗೆ ಪಾದ ನೋಡಿದರು. ಹೆಬ್ಬೆರಳ ಸಂದಿಯಿಂದ ಹಿಮ್ಮಡಿಯವರೆಗೆ ಬೊಬ್ಬೆಗಳು ಎದ್ದು ಒಡೆದಿದ್ದವು.

"ನಾಳೆ ನೀವು ಓಡೋ ಹಾಗಿಲ್ಲ."

"ಡಾಕ್ಟ್ರೇ, ಇದು ಈಗ ಓಡಿ ಬಂದದ್ದಕ್ಕೆ..."

"ಪಂದ್ಯದ ಹಿಂದಿನ ದಿನ, ಅದೂ ಈ ಚಪ್ಪಲಿಯಲ್ಲಿ, ಯಾರಾದ್ರೂ ಓಡ್ತಾರೇನ್ರೀ?"

"ನಾನು ಬಡ್ಕೊಂಡೆ!" ಎಂದರು ಡ್ರಿಲ್ ಮೇಷ್ಟ್ರು.

ಗುಮಾಸ್ತರು ಕೂಗಾಡಿದರು. ತಮ್ಮ ಅಭ್ಯಾಸ, ತಮ್ಮ ಹಠ, ತಮ್ಮ ಮರ್ಯಾದೆ ಎಲ್ಲವನ್ನೂ ಮೇಜಿಗೆ ಗುದ್ದಿ ಗುದ್ದಿ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅವರ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಡಾಕ್ಟರಮ್ಮ ಬಗ್ಗಲಿಲ್ಲ. ಆಗ ನಂಬರಿನ ಕಟ್ಟು ಹಿಡಿದು ಬಂದರು ಅಕೌಂಟೆಂಟರು. ಪರಿಸ್ಥಿತಿ ತಿಳಿದು, ಮೂವರನ್ನೂ, ಅವರ ಕೈಕಾಲುಗಳಲ್ಲಿದ್ದ ಸಾಮಾನನ್ನೂ ನೋಡಿದರು.

"ನಂಬರು ಯಾಕೆ ವ್ಯರ್ಥ ಮಾಡ್ಬೇಕು? ಮೂರು ಜನದ ತಂಡಕ್ಕೆ ಅವಕಾಶ ಇದೆಯಲ್ಲ. ಅಕ್ಕಾವರು ಈಜ್ಲಿ, ಮೇಷ್ಟ್ರು ಸೈಕಲ್ಲು, ತಮ್ಮ ಓಡ್ಲಿ."

ಮೂವರೂ ಗುಮಾಸ್ತರ ಕಡೆಗೆ ನೋಡಿದರು. ಅಷ್ಟು ಕೂಗಾಡಿದ ಮೇಲೆ ಬೇಡ ಎನ್ನಲು ಅವರಲ್ಲಿ ಉಸಿರೇ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಹೆಂಡತಿ ನೀರನ್ನು ಸೀಳಿಕೊಂಡು ಬಂದರು, ಮೇಷ್ಟ್ರು ರಸ್ತೆಯನ್ನು ನುಂಗಿಕೊಂಡು ಬಂದರು, ಭಾಮೈದ ಜನರ ಶಿಳ್ಳೆಯ ನಡುವೆ ಗೆರೆ ದಾಟಿದ. ಅಕೌಂಟೆಂಟರು ಮಾತಿಗೆ ತಪ್ಪುವವರಲ್ಲ. ಎದ್ದು ನಿಂತು, ಇಡೀ ಮೈದಾನಕ್ಕೆ ಕೇಳುವ ಹಾಗೆ, ಆ ಸೋಮಾರಿಗೆ "ಶಭಾಷ್ ಸಾರ್!" ಎಂದರು.

ಗುಮಾಸ್ತರು ಹಗ್ಗದ ಈಚೆ, ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದರು. ಒಂದು ಹೆಗಲಿಗೆ ಹೆಂಡತಿಯ ಒದ್ದೆ ಬಟ್ಟೆಯ ಚೀಲ, ಇನ್ನೊಂದಕ್ಕೆ ಮೇಷ್ಟ್ರ ಚೀಲ, ಕೈಯಲ್ಲಿ ಫ್ಲಾಸ್ಕು, ಕಂಕುಳಲ್ಲಿ ಭಾಮೈದನ ಹಳೆಯ ಚಪ್ಪಲಿ.

"ಕನ್ನಡಕ ಈಗ ಚೆನ್ನಾಗಿ ಪಳಗಿದೆ ಕಣ್ರೀ. ಮುಂದಿನ ಸಲ ನೀವು ಧಾರಾಳವಾಗಿ ಹಾಕ್ಕೋಬಹುದು" ಎಂದು ಹೆಂಡತಿ ಅದನ್ನೂ ಅವರ ಕೊರಳಿಗೆ ನೇತುಹಾಕಿದರು.

ಭಾಮೈದ ಮಾತ್ರ ಬೂಟು ಬಿಚ್ಚಲಿಲ್ಲ. "ಇದು ನನ್ನ ಕಾಲಿಗೇ ಒಗ್ಗಿಬಿಟ್ಟಿದೆ ಭಾವ, ನಿಮಗೆ ಕಚ್ಚುತ್ತೆ. ನೀವು ಬೇರೆ ಹೊಸದು ತಗೊಳ್ಳಿ. ತಗೊಂಡ ತಕ್ಷಣ ನನಗೆ ಕೊಡಿ, ಪಳಗಿಸಿ ಕೊಡ್ತೀನಿ."

ಗುಮಾಸ್ತರು ಹೊರೆಯನ್ನೆಲ್ಲ ಸರಿಪಡಿಸಿಕೊಂಡು, ಕುಂಟುತ್ತ ಗೇಟಿನ ಕಡೆಗೆ ಹೊರಟರು. ಏದುಸಿರು ಬರತೊಡಗಿತು. ಹಿಂದಿನಿಂದ ಅಕೌಂಟೆಂಟರ ದನಿ ಕೇಳಿಸಿತು.

"ಎಲ್ಲರೂ ಸ್ವಲ್ಪ ಸರೀರಿ... ಕೂ..."