ಮಾವನ ಅನುಮಾನವೂ ಮಗಳ ಡೈವ್ ಕಂಪ್ಯೂಟರೂ

ನನ್ನ ಸೋದರಮಾವ ಈ ಜಗತ್ತಿನಲ್ಲಿ ನಂಬುವುದು ಒಬ್ಬರನ್ನೇ. ಅವರು ಯಾರೆಂದು ನನಗಿನ್ನೂ ತಿಳಿದಿಲ್ಲ! ಮಾವ ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತಿದ್ದವರು. ಅನುಮಾನಪಡುವುದಕ್ಕೇ ಸಂಬಳ! ಮಾವ ನಿವೃತ್ತರಾದರು, ಅನುಮಾನ ಮಾತ್ರ ಸೇವೆಯಲ್ಲಿ ಮುಂದುವರಿಯಿತು. ಒಮ್ಮೆ ರಸೆಲ್ ಮಾರ್ಕೆಟ್ಟಿನಲ್ಲಿ ಹೂವಿನವಳು ಮಲ್ಲಿಗೆಯನ್ನು ಮೊಳ ಹಾಕುವಾಗ ಅವಳ ಮೊಳಕೈಯನ್ನೇ ದಿಟ್ಟಿಸುತ್ತಾ ನಿಂತರು.

"ನಿಮ್ ಕೈಯಲ್ಲೇ ಅಳೀರಿ ಸಾರ್!" ಎಂದಳು ಆಕೆ.

ಅಳೆದರು. ಇವರ ಕೈಯೇ ಗಿಡ್ಡ!

ಇಂಥವರ ಮಗಳು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿಯುವುದನ್ನು ಕಲಿಸುವ ಟೀಚರ್ ಆದಳು. ಮೊನ್ನೆ ರಜೆಗೆ ಬಂದಾಗ ಅವಳ ಮಣಿಕಟ್ಟಿನಲ್ಲಿ ಡೈವ್ ಕಂಪ್ಯೂಟರ್ ಇತ್ತು: ಎಷ್ಟು ಆಳಕ್ಕೆ ಇಳಿದೆ, ಎಷ್ಟು ಬೇಗ ಮೇಲೆ ಬಂದೆ ಎಂದೆಲ್ಲ ದಾಖಲಿಸುವ, ದಪ್ಪ ಗಡಿಯಾರದಂಥ ಯಂತ್ರ. ಒಳಗೇನಿದೆ ಎಂದು ಮಾವ ನೋಡದೆ ಬಿಟ್ಟಾರೆಯೇ? ಕಂಪನಿಯ ಆ್ಯಪ್ ಹಾಕಿದರೆ, ಅದು ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಕೇಳಿತು.

"ನಮ್ ಬೀಗರ ನಂಬರ್ ಮೀನಿಗ್ಯಾಕೋ?" ಎಂದು ಅಳಿಸಿಬಿಟ್ಟರು.

ನಾನು ಅವರ ಲ್ಯಾಪ್‌ಟಾಪಿಗೆ ಅದೇ ದಾಖಲೆಗಳನ್ನು ತೋರಿಸುವ ಓಪನ್ ಸೋರ್ಸ್ ತಂತ್ರಾಂಶವೊಂದನ್ನು ಹಾಕಿಕೊಟ್ಟೆ.

"ಪುಕ್ಕಟೆನಾ? ಹಾಗಾದ್ರೆ ಏನೋ ಇದೆ!"

"ಇಲ್ಲ ಮಾವ, ಇದರ ಕೋಡ್ ಯಾರು ಬೇಕಾದ್ರೂ ನೋಡ್ಬಹುದು."

"ನಾನೂ?"

ಭೂತಗನ್ನಡಿ ಹಿಡಿದು ಮಧ್ಯಾಹ್ನವಿಡೀ ಓದಿದರು. "ಅರ್ಥ ಆಯ್ತಾ?" ಎಂದೆ.

"ಒಂದಕ್ಷರಾನೂ ಇಲ್ಲ. ಆದ್ರೆ ಮುಚ್ಚಿಟ್ಟಿಲ್ವಲ್ಲ, ನಡಿ."

ಕೇಬಲ್ ಸಿಕ್ಕಿಸಿದೆ. ಮಗಳು ಸಮುದ್ರಕ್ಕಿಳಿದದ್ದೆಲ್ಲ ತೆರೆಯ ಮೇಲೆ ಗೆರೆಗಳಾಗಿ ಮೂಡಿತು. ಮೆಲ್ಲನೆ ಇಳಿದು, ಇನ್ನೂ ಮೆಲ್ಲನೆ ಏರುವ ಗೆರೆಗಳು. ಒಂದು ಮಾತ್ರ ಹಗ್ಗ ಹರಿದು ಬಾವಿಗೆ ಬಿದ್ದ ಕೊಡದಂತೆ ಕೆಳಗಿಳಿದಿತ್ತು.

"ಅವತ್ತು ಮಿಷನ್ ಕೆಟ್ಟಿತ್ತಪ್ಪ" ಎಂದಳು ಮಗಳು.

"ಕೆಟ್ಟಿದ್ದು ಮಾರನೇ ದಿನ ತಾನಾಗೇ ರಿಪೇರಿ ಆಯ್ತಾ?"

ಅವಳು ತಲೆ ತಗ್ಗಿಸಿದಳು. ಕಲಿಯಲು ಬಂದ ಹುಡುಗಿಯೊಬ್ಬಳು ಗಾಬರಿಯಾಗಿ ಆಳಕ್ಕೆ ಜಾರುತ್ತಿದ್ದಳಂತೆ. ಇವಳು ಬೆನ್ನಟ್ಟಿ ಹೋಗಿ ಹಿಡಿದು ಮೇಲೆ ತಂದಳಂತೆ.

"ಹೇಳಿದ್ರೆ ನೀವು ನನ್ನ ವಾಪಸ್ ಕಳಿಸ್ತಿರ್ಲಿಲ್ಲ."

ಮುಗಿಯಿತು, ಇವಳ ಕೆಲಸ ಇವತ್ತಿಗೆ ಕೊನೆ ಎಂದುಕೊಂಡೆ. ಮಾವ ಆ ಗೆರೆಯನ್ನು ಬೆರಳಿನಿಂದ ತಳದವರೆಗೂ ಸವರಿದರು.

"ಆ ಮಗು ಹೇಗಿದೆ?"

"ಚೆನ್ನಾಗಿದ್ದಾಳೆ."

"ನೀನು ಹಾಗೆ ಜಾರಿದ್ರೆ ಯಾರಮ್ಮಾ ಬರ್ತಾರೆ?"

"ಜೊತೆಗೊಬ್ರು ಇದ್ದೇ ಇರ್ತಾರಪ್ಪ. ಒಬ್ಬಳೇ ಇಳಿಯಲ್ಲ."

ಮಾವ ಮರುಪ್ರಶ್ನೆ ಹಾಕಲಿಲ್ಲ. ಯಂತ್ರವನ್ನು ತಾವೇ ಅವಳ ಮಣಿಕಟ್ಟಿಗೆ ಕಟ್ಟಿದರು. ಕಟ್ಟಿ ಮುಗಿದ ಮೇಲೂ ಆ ಕೈಯನ್ನು ಬಿಡಲಿಲ್ಲ.