ಐವತ್ತಕ್ಕೆ ಮೂರು ಕಡಿಮೆ

೨೦೨೪ನೆಯ ಇಸವಿ ಜೂನ್ ಎರಡನೆಯ ತಾರೀಖು, ಭಾನುವಾರ, ರಾಮಾನುಜರ ಮಗ್ಗಿ ತರಗತಿಯ ನೇರಪ್ರಸಾರವನ್ನು ನೋಡಿದವರು ನಲವತ್ತೇಳು ಮಂದಿ. ಬೇಕಾಗಿದ್ದವರು ಐವತ್ತು. ಕೊರತೆ ಮೂರು.

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರಿಗೆ ಇದು ಸಣ್ಣ ಸಂಖ್ಯೆಯಲ್ಲ. ಮಲ್ಲೇಶ್ವರದ ಅವರ ಬಡಾವಣೆಯ ಸಂಘದ ಸಭಾಂಗಣದಲ್ಲಿ ನಿಜವಾದ ಬೆಂಚುಗಳಿದ್ದವು, ಗೋಡೆಯುದ್ದದ ಕರಿಹಲಗೆಯಿತ್ತು. ಪ್ರತಿ ಭಾನುವಾರದ ಬೆಳಗಿಗೆಂದು ಆ ಸಭಾಂಗಣವನ್ನು ರಾಮಾನುಜರೂ ಕೇಳಿದ್ದರು, ನಗೆಕೂಟದವರೂ ಕೇಳಿದ್ದರು. ಕಾರ್ಯದರ್ಶಿ ದೊಡ್ಡಬೈರಪ್ಪನವರು ತೀರ್ಪು ಕೊಟ್ಟಿದ್ದರು: “ಒಂಬತ್ತನೇ ತಾರೀಖು ನಿಮ್ಮ ಲೈವ್‌ಗೆ ಐವತ್ತು ಜನ ಬಂದ್ರೆ ಹಾಲ್ ನಿಮ್ದು ಮೇಷ್ಟ್ರೇ. ಇಲ್ಲಾಂದ್ರೆ ನಗೋರ್ದು.”

ಕೊರತೆಯ ಕಾರಣ ರಾಮಾನುಜರಿಗೆ ಸ್ಪಷ್ಟವಾಗಿತ್ತು. ಚಿತ್ರ ಸರಿಯಿರಲಿಲ್ಲ. ಪ್ರತಿ ವಾರವೂ ನೋಡುಗರು ಬರೆಯುತ್ತಿದ್ದರು: “ಸಾರ್, ಸ್ವಲ್ಪ ಸರೀರಿ, ಕಾಣ್ತಿಲ್ಲ.” ಸರಿದೂ ಸರಿದೂ ಅವರು ಮನೆಯ ಹಜಾರದಲ್ಲಿನ ಹಲಗೆಯ ಅಂಚಿಗೆ ಬಂದಿದ್ದರು. ಇನ್ನು ಸರಿದರೆ ಅಡುಗೆಮನೆ.

ಆದ್ದರಿಂದ ಒಂಬತ್ತರ ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯ ಆಕರ್ಷನನ್ನು ಕರೆಸಿದರು. ಮದುವೆಗಳ ವಿಡಿಯೊ ತೆಗೆಯುವುದು ಅವನ ವೃತ್ತಿ. ಹಳೆಯ ಪ್ರಸಾರವೊಂದನ್ನು ಅರ್ಧ ನಿಮಿಷ ನೋಡಿ ಅವನು ನಿಟ್ಟುಸಿರುಬಿಟ್ಟ.

“ಅಂಕಲ್, ಇದ್ರಲ್ಲಿ ನೀವೆಲ್ಲಿದೀರಾ?”

“ಕಪ್ಪಗೆ ನಿಂತಿರೋದು ನಾನೇ ಕಣಯ್ಯ.”

“ನಾನು ಕೋಟ್ ಸ್ಟ್ಯಾಂಡ್ ಅಂದ್ಕೊಂಡೆ. ಬೆನ್ನ ಹಿಂದೆ ಕಿಟಕಿ ಇದ್ರೆ ಇನ್ನೇನಾಗುತ್ತೆ? ಕ್ಯಾಮೆರಾ ಬೀದಿ ನೋಡುತ್ತೆ, ನಿಮ್ಮನ್ನ ಬಿಟ್ಬಿಡುತ್ತೆ. ಕಿಟಕಿ ಮುಚ್ಚಿ. ಬೆಳಕು ಮುಂದಿನಿಂದ ಬರ್ಲಿ.”

ಕಿಟಕಿಯ ಬಾಗಿಲೊಂದು ಹೋದ ಮಳೆಗಾಲದಲ್ಲೇ ಕಳಚಿ ಬಿದ್ದಿತ್ತು. ಪರದೆ ಬೇಕೆಂಬ ಸುದ್ದಿ ಮಹಡಿ ಮೆಟ್ಟಿಲು ಹತ್ತಿದ್ದೇ ತಡ, ಮೇಲಿನ ಮನೆಯ ಅಂಬುಜಮ್ಮ ಇಸ್ತ್ರಿ ಮಾಡಿದ ಬಿಳಿಯ ಪಂಚೆಯೊಂದನ್ನು ಎದೆಗವುಚಿಕೊಂಡು ಇಳಿದುಬಂದರು.

“ನಮ್ಮೆಜಮಾನ್ರ ಮದುವೆ ಪಂಚೆ. ಜೋಪಾನ. ನಾನು ಮೇಲಿಂದ ಫೋನಲ್ಲಿ ನೋಡ್ತಾನೇ ಇರ್ತೀನಿ.”

“ತರಗತೀನಾ?” ರಾಮಾನುಜರು ಕೇಳಿದರು.

“ಪಂಚೇನ.”

ನಾಲ್ಕು ಮೊಳೆಗಳಿಗೆ ಪಂಚೆ ಬಿಗಿಯಿತು. ದೇವರಮನೆಯ ಬಲ್ಬು, ಮೇಜಿನ ದೀಪ, ಆಕರ್ಷನ ಮದುವೆಮನೆ ಲೈಟು ಸಾಲಾಗಿ ನಿಂತವು. ಫೋನನ್ನು ಬೋರಲು ಹಾಕಿದ ಇಡ್ಲಿಪಾತ್ರೆಯ ಮೇಲೆ ನಿಲ್ಲಿಸಿದ ಆಕರ್ಷ, ಕ್ಯಾಮೆರಾದ ಗಾಜನ್ನು ಮುಟ್ಟಿ ಬೆರಳು ಮೂಸಿ ನೋಡಿದ.

“ಕೊಬ್ಬರಿ ಎಣ್ಣೆ! ಎಷ್ಟು ದಿನದ್ದು?”

“ಪ್ರತಿ ಭಾನುವಾರ ಅಭ್ಯಂಜನ ಆದ್ಮೇಲೇ ತರಗತಿ,” ಎಂದರು ರಾಮಾನುಜರ ಪತ್ನಿ ಗೋದಾ. “ಎಂಟು ತಿಂಗಳಿನದ್ದಿರಬೇಕು.”

ಮೊದಲ ಪರೀಕ್ಷೆಯಲ್ಲಿ ಮೇಷ್ಟರ ಬೋಳುತಲೆ ಹೊಸದಾಗಿ ಕಲಾಯಿ ಹಾಕಿದ ಪಾತ್ರೆಯಂತೆ ಹೊಳೆದು, ಹಲಗೆಯೇ ಕಾಣದಾಯಿತು. ಗೋದಾ ಗಂಧದ ಪುಡಿ ತಂದು ತಲೆಗೆ ಬಳಿದರು. ಹೊಳಪು ಅಡಗಿತು. ಚಿತ್ರ ನಿಚ್ಚಳವಾಯಿತು. ಹಲಗೆಯ ಮೂಲೆಯಲ್ಲಿ “ಸಂದೇಹವಿದ್ದವರು ಕರೆ ಮಾಡಿ” ಎಂದು ಬರೆದಿದ್ದ ಗೋದಾ ಅವರ ಫೋನ್ ನಂಬರಿನ ಹತ್ತೂ ಅಂಕಿಗಳು ಮೊಟ್ಟಮೊದಲ ಬಾರಿಗೆ ಓದಲು ಬಂದವು.

ಏಳು ಗಂಟೆಗೆ ಸರಿಯಾಗಿ ಹದಿನೇಳರ ಮಗ್ಗಿ ಆರಂಭವಾಯಿತು. ನೋಡುಗರು ನಲವತ್ತನಾಲ್ಕು. ರಾಮಾನುಜರು ಕಂಠವೇರಿಸಿದರು. ಏಳೂ ಐದಕ್ಕೆ ಮೂವತ್ತೊಂದು. ಏಳೂ ಎಂಟಕ್ಕೆ ಹನ್ನೆರಡು. ಏಳೂ ಹತ್ತಕ್ಕೆ ಮೂರು. ಆ ಮೂವರ ಲೆಕ್ಕ ಸುಲಭವಾಗಿತ್ತು: ಅಡುಗೆಮನೆಯಲ್ಲಿ ಗೋದಾ, ಹಜಾರದಲ್ಲಿ ಆಕರ್ಷ, ಮಹಡಿಯ ಮೇಲೆ ಅಂಬುಜಮ್ಮ.

ಹೋಗುವ ಮುನ್ನ ಯಾರೋ ಒಬ್ಬರು ಬರೆದಿದ್ದರು: “ಸಾರ್, ದಯವಿಟ್ಟು ಪಂಚೆ ತೆಗೀರಿ.”

“ಅಯ್ಯಯ್ಯೋ, ಏನ್ ಜನಾನಪ್ಪ!” ಎಂದು ಗೋದಾ ಸೌಟು ಹಿಡಿದೇ ಓಡಿಬಂದರು. ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಎಂಟು ತಿಂಗಳಲ್ಲಿ ಬಂದ ಮೊದಲ ಸಂದೇಹ. ರಾಮಾನುಜರು ಆತುರದಿಂದ ಕಿವಿಗಿಟ್ಟುಕೊಂಡರು.

“ಸಾರ್, ನಾನು ಮುತ್ತುರಾಜ್, ಬಿನ್ನಿಪೇಟೆಯಿಂದ. ಇವತ್ತೇನ್ಸಾರ್, ಕಿಟಕಿಗೆ ಬಟ್ಟೆ ಕಟ್ಟಿದೀರಾ?”

“ಚಿತ್ರ ಸ್ಪಷ್ಟವಾಗ್ಲಿ ಅಂತ.”

“ಏನ್ ಸ್ಪಷ್ಟ ಸಾರ್, ಕ್ಯೂನೇ ಕಾಣ್ತಿಲ್ವಲ್ಲ!”

ರಾಮಾನುಜರ ಮನೆಯೆದುರಿಗೇ ಒಂದು ಟಿಫನ್ ರೂಮಿತ್ತು. ಭಾನುವಾರ ಅಲ್ಲಿಯ ಖಾಲಿ ದೋಸೆಗೆ ನಿಂತವರ ಸಾಲು ಸಂಪಿಗೆ ರಸ್ತೆಯ ಮೂಲೆಯವರೆಗೂ ಬೆಳೆಯುತ್ತಿತ್ತು.

“ಹದಿನೈದು ಜನಕ್ಕಿಂತ ಕಮ್ಮಿ ಇದ್ರೆ ಗಾಡಿ ತೆಗೀತೀನಿ, ಜಾಸ್ತಿ ಇದ್ರೆ ಇನ್ನೊಂದ್ ನಿದ್ದೆ. ನಮ್ಮ ಗ್ರೂಪಲ್ಲೆಲ್ಲ ನಿಮ್ಮ ಕ್ಲಾಸ್ ನೋಡೇ ಹೊರಡೋದು ಸಾರ್. ಎಷ್ಟ್ ಉಪಕಾರ ನಿಮ್ಮಿಂದ! ನೀವು ಒಂಚೂರು ಅಡ್ಡ ನಿಲ್ತೀರ, ಅಷ್ಟೇ.”

“ಮತ್ತೆ ಮಗ್ಗಿ?”

ಮುತ್ತುರಾಜ್ ಸಂಕೋಚದಿಂದ ಹೇಳಿದ: “ಸೌಂಡ್ ಮ್ಯೂಟ್ ಮಾಡಿರ್ತೀನಿ ಸಾರ್. ಮನೇಲಿ ಮಲಗಿರ್ತಾರೆ.”

ರಾಮಾನುಜರು ಫೋನನ್ನು ಕೆಳಗಿಟ್ಟರು. ನಗೆಕೂಟದವರು ಸಭಾಂಗಣದ ಬೆಂಚುಗಳ ಮೇಲೆ ಹೊಟ್ಟೆ ಹಿಡಿದು ಉರುಳಾಡುವ ದೃಶ್ಯ ಕಣ್ಣಮುಂದೆ ಬಂತು. ಹಲಗೆಯ ಮುಂದೆ ಎಂದೂ ಮೋಸದ ಲೆಕ್ಕ ಮಾಡದ ಮೇಷ್ಟರು ಕಣ್ಣುಮುಚ್ಚಿ ಪಂಚೆಗೆ ಕೈಹಾಕಿ ಎಳೆದರು. ಮೂರು ಮೊಳೆಗಳು ಬಿಟ್ಟುಕೊಟ್ಟವು, ನಾಲ್ಕನೆಯದು ಬಿಡಲಿಲ್ಲ. ‘ಪರ್ರ್’ ಎಂದ ಸದ್ದು ನೇರಪ್ರಸಾರದಲ್ಲಿ ಬಹಳ ಸ್ಪಷ್ಟವಾಗಿ ಕೇಳಿಸಿತು. ಮಹಡಿಯ ಮೇಲಿಂದ ಒಂದು ಚೀತ್ಕಾರವೂ ಬಂತು.

ಕಿಟಕಿಯಾಚೆ ಸಾಲು ಕಂಡಿತು. ಸುದ್ದಿ ಹೇಗೆ ಹರಡಿತೋ, ನೋಡುಗರು ಹತ್ತೊಂಬತ್ತಾದರು, ಮೂವತ್ತೆಂಟಾದರು. ಮತ್ತೆ ಕರಿಯ ಆಕೃತಿಯಾದ ರಾಮಾನುಜರು ಮಗ್ಗಿಯನ್ನು ಮೊದಲಿನಿಂದ ಹಿಡಿದು “ಹದಿನೇಳ್ಮೂರ್ಲೆ ಐವತ್ತೊಂದು” ಎನ್ನುವ ಹೊತ್ತಿಗೆ ಫೋನಿನಲ್ಲೂ ಅದೇ ಸಂಖ್ಯೆ ಮೂಡಿತು.

ಎಂಟು ಗಂಟೆಗೆ ದೊಡ್ಡಬೈರಪ್ಪನವರು ಟಿಫನ್ ರೂಮಿನ ಪೊಟ್ಟಣ ಹಿಡಿದು ಒಳಗೆ ಬಂದರು.

“ಗೆದ್ರಿ ಮೇಷ್ಟ್ರೇ! ಐವತ್ತೊಂದು! ಹಾಲ್ ನಿಮ್ದು. ಮುಂದಿನ ವಾರದಿಂದ ಲೈವ್ ಅಲ್ಲಿಂದ್ಲೇ ಆಗ್ಬೇಕು, ಸಂಘದ ಬೋರ್ಡ್ ಕಾಣ್ಬೇಕು. ಐವತ್ತಕ್ಕಿಂತ ಕಮ್ಮಿಯಾದ್ರೆ ಮಾತ್ರ ನಗೆಕೂಟಕ್ಕೆ.”

“ಆ ಹಾಲಿನ ಕಿಟಕಿ ಯಾವ ಕಡೆಗಿದೆ?” ರಾಮಾನುಜರ ದನಿ ಕ್ಷೀಣವಾಗಿತ್ತು.

“ಕಿಟಕಿನಾ? ನೆಲಮಾಳಿಗೆ ಕಣ್ರೀ, ಒಂದೂ ಇಲ್ಲ. ಪಿಕ್ಚರ್ ಗಾಜಿನ ಹಾಗೆ ಬರುತ್ತೆ!”

ಅವರು ಹೊರಟ ಬಾಗಿಲಿನಲ್ಲಿಯೇ ಅಂಬುಜಮ್ಮ ನಿಂತಿದ್ದರು. ಪಂಚೆಯನ್ನು ಬಿಡಿಸಿ ಅಳೆದರು. ಹರಕು ಒಂದೂಕಾಲು ಗೇಣು.

“ಹೊಸದು ತಂದ್ಕೊಡ್ತೀನಿ ಅಂಬುಜಮ್ಮ.”

“ಹೊಸದ್ಯಾಕೆ? ಹೇಗೂ ಇನ್ಮೇಲೆ ಭಾನುವಾರ ನೀವಿಲ್ಲಿರಲ್ವಲ್ಲ. ಆ ಕಿಟಕಿ ಹತ್ರ ಒಂದ್ ಹಳೇ ಫೋನ್ ಇಟ್ಟು ಲೈವ್ ಹಾಕ್ಹೋಗಿ. ಯಾರೂ ಅಡ್ಡ ನಿಲ್ಲಲ್ಲ. ಮೇಲೆ ನಮಗೆ ಬೀದಿ ಕಡೆ ಕಿಟಕೀನೇ ಇಲ್ಲ, ನಮ್ಮೆಜಮಾನ್ರಿಗೂ ಕ್ಯೂ ಕಾಣುತ್ತೆ.”

ರಾಮಾನುಜರು ಒಪ್ಪಿದರು. ಪಂಚೆಯ ಋಣ ಅಲ್ಲಿಗೆ ತೀರಿತು. ಸಭಾಂಗಣದ ಲೆಕ್ಕವನ್ನು ಅವರು ಹಲಗೆಯ ಮೇಲೆ ಬರೆಯಲಿಲ್ಲ, ಮನಸ್ಸಿನಲ್ಲೇ ಮಾಡಿದರು: ಪರದೆಯಿದ್ದಾಗ ಉಳಿದವರು ಮೂರು, ಅಲ್ಲಿ ಪಂಚೆಯಿರುವುದಿಲ್ಲವಾದ್ದರಿಂದ ಅಂಬುಜಮ್ಮನವರನ್ನು ಕಳೆಯಬೇಕು.

ಉತ್ತರ ಎರಡು. ಕೊರತೆ ನಲವತ್ತೆಂಟು.