ಮೀಟರಿಗೆ ಹಾರ ಹಾಕಿದ್ದು

ಕಾರು ಓಡಿಸುವವರು ರಸ್ತೆ ನೋಡಬೇಕು ಎನ್ನುತ್ತಾರೆ. ನಾನು ಹೆಚ್ಚಾಗಿ ನೋಡುವುದು ಸ್ಟೇರಿಂಗಿನ ಹಿಂದಿರುವ ಮೀಟರ್ ಬೋರ್ಡನ್ನು. ಸಂಜೆ ಲೈಟು ಹಾಕಿದಾಗ ಅಲ್ಲಿ ಮೂಡುವ ಹಸಿರು ಬೆಳಕನ್ನು ಕಂಡರೆ, ದಾವಣಗೆರೆಯ ಪಿ.ಜೆ. ಬಡಾವಣೆಯ ಬ್ಯಾಂಕೊಂದರಲ್ಲಿ ನಾನು ಗುಮಾಸ್ತ ಎಂಬುದೇ ಮರೆತುಹೋಗುತ್ತದೆ. ದಸರಾ ಕಳೆದ ಮೇಲೆ ಆ ಬೋರ್ಡಿಗೆ ಹುಚ್ಚು ಹಿಡಿಯಿತು. ಪೆಟ್ರೋಲಿನ ಮುಳ್ಳು ಮನಸ್ಸು ಬಂದಾಗ ಮೇಲೇರುತ್ತಿತ್ತು, ಸ್ಪೀಡಿನ ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ಮಲಗಿರುತ್ತಿತ್ತು. ನಿಜ ಹೇಳಬೇಕೆಂದರೆ ನನಗದು ಹಿತವಾಗಿಯೇ ಇತ್ತು. ಹರಿಹರದ ರಸ್ತೆಯಲ್ಲಿ ನಾನು ಕೂತಲ್ಲೇ ಕೂತಿದ್ದೇನೆ, ಭತ್ತದ ಗದ್ದೆ, ಅಕ್ಕಿ ಗಿರಣಿ, ಎಮ್ಮೆಗಳೆಲ್ಲ ಸೇರಿ ಹರಿಹರವನ್ನೇ ನನ್ನ ಬಳಿ ಕರೆತರುತ್ತಿವೆ ಎನಿಸುತ್ತಿತ್ತು.

ನನ್ನ ಹೆಂಡತಿ ಗಿರಿಜೆಗೆ ಇಂಥ ಅನುಭವಗಳಲ್ಲಿ ಆಸಕ್ತಿಯಿಲ್ಲ. ಅವಳ ಬಳಿಯೂ ಲೈಸೆನ್ಸ್ ಇದೆ. ಕೀ ಕೇಳಿದಾಗಲೆಲ್ಲ, "ಈ ಮುಳ್ಳುಗಳ ಮರ್ಜಿ ನನಗೊಬ್ಬನಿಗೇ ಗೊತ್ತು" ಎಂದು ನಾನು ಆ ಸೀಟನ್ನು ಸಿಂಹಾಸನದಂತೆ ಕಾಪಾಡಿಕೊಂಡಿದ್ದೆ. ಆದರೆ ಒಂದು ಭಾನುವಾರ, ಹರಿಹರದಲ್ಲಿರುವ ಅವಳ ಅಕ್ಕನ ಮನೆಗೆ ಹೊರಟಾಗ, ಟ್ಯಾಂಕು ತುಂಬಿದೆ ಎಂದು ಮುಳ್ಳು ತೋರಿಸುತ್ತಿದ್ದಂತೆಯೇ ಪೆಟ್ರೋಲ್ ಮುಗಿದು ಕಾರು ನಿಂತಿತು. "ರಿಪೇರಿ ಮಾಡಿಸ್ರಿ, ಇಲ್ಲಾಂದ್ರ ಮಾರ್ರಿ. ಇನ್ನೊಂದ್ಸಲ ಹಿಂಗಾದ್ರ ನಾ ಬಸ್ಸಿಗೇ ಹೋಗ್ತೀನಿ" ಎಂದಳು. ಕಾರು ಹೋದರೆ ನನ್ನ ಸಿಂಹಾಸನವೂ ಹೋದಂತೆಯೇ.

ಮರುವಾರ ಹರಿಹರದ ಆಟೋ ಎಲೆಕ್ಟ್ರಿಷಿಯನ್ ದಾವೂದ್ ಸಾಬರ ಅಂಗಡಿ ಮುಂದೆ ನಿಂತೆವು. ಅವರು ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿ, ನಿಟ್ಟುಸಿರು ಬಿಟ್ಟು, "ಇದು ಖತಂ ಆಗೇತಿ ಸರ. ಪೂರಾ ಮೀಟ್ರೇ ಬದಲಿ ಮಾಡ್ಬೇಕು" ಎಂದರು. ನಾನೂ ಸಾಬರೂ ಬಾನೆಟ್ಟಿನ ಬಳಿ ದುಃಖದಲ್ಲಿದ್ದಾಗ, ಬೇಸರ ಕಳೆಯಲೆಂದು ನನ್ನ ಸೀಟಿನಲ್ಲಿ ಕೂತಿದ್ದ ಗಿರಿಜೆ ಕೂಗಿದಳು: "ದಾವೂದಣ್ಣ, ಇಲ್ನೋಡ್ರಿ. ಇಂಡಿಕೇಟರ್ ಮಿಣುಕಿದಂಗೆಲ್ಲ ಪೆಟ್ರೋಲ್ ಮುಳ್ಳು ಕುಣೀತೈತೆ!"

ಸಾಬರು ಬಂದು ನೋಡಿದರು. "ಹೌದಲ್ರಿ ಅಕ್ಕಾರೆ! ಹಂಗಾದ್ರ ಮೀಟ್ರು ಬ್ಯಾಡ. ಅರ್ಥಿಂಗ್ ಕೂತಿಲ್ಲ. ವಾಪಸ್ ಹೋಗೋಕೆ ದಾರಿ ಸಿಗದೆ ಕರೆಂಟು ಕಂಡಕಂಡಲ್ಲಿ ತಿರುಗ್ತೈತೆ." ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಒಂದು ಸ್ಕ್ರೂ ಬಿಚ್ಚಿದರು. ವೈರಿಗೂ ಕಾರಿನ ಬಾಡಿಗೂ ನಡುವೆ ಸಿಕ್ಕಿಕೊಂಡಿದ್ದ ದಾರದ ಗಂಟೊಂದು ಹೊರಬಂತು.

ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಯಾವ ಯಂತ್ರಕ್ಕೂ ವಿಭೂತಿ ತಪ್ಪುವುದಿಲ್ಲ. ಒಮ್ಮೆ ಮಿಕ್ಸಿಗೆ ನಾನು ಧಾರಾಳವಾಗಿ ಕುಂಕುಮ ಹಚ್ಚಿದ್ದರಿಂದ ಚಟ್ನಿ ಕೆಂಪಗಾಗಿತ್ತು. ಈ ಸಲ ಬಾನೆಟ್ಟಿಗೆ ಹಾಕಿದ ಹಾರದಿಂದ ತೃಪ್ತಿಯಾಗದೆ, ನನ್ನ ಪ್ರೀತಿಯ ಮೀಟರಿಗೇ ಚೆಂಡು ಹೂವಿನ ಹಾರ ಹಾಕಿದ್ದೆ. ಕಟ್ಟಲು ಮೊಳೆ ಇರಲಿಲ್ಲ. ಕೆಳಗೆ ಕೆಲಸವಿಲ್ಲದಂತೆ ಕಂಡ ಸ್ಕ್ರೂ ಸಡಿಲಿಸಿ, ದಾರ ಸುತ್ತಿ, ಭಕ್ತಿಯಿಂದ ಬಿಗಿದಿದ್ದೆ. ಹೂವು ಬಾಡಿ ಹೋದರೂ ಗಂಟು ಅಲ್ಲೇ ಉಳಿದಿತ್ತು.

"ಪೂಜೆ ಮಾಡಿದ್ದು ಸರಿ, ಸ್ಕ್ರೂ ಯಾಕ ಬಿಚ್ಚಿದ್ರಿ?" ಎಂದಳು ಗಿರಿಜೆ. ನಾನು ಆಕಾಶ ನೋಡಿದೆ.

ಸಾಬರು ತುಕ್ಕು ಉಜ್ಜಿ ಸ್ಕ್ರೂ ಬಿಗಿದರು. ಮುಳ್ಳುಗಳು ತಂತಮ್ಮ ಜಾಗಕ್ಕೆ ಬಂದವು. ಕಾರು ಉಳಿಯಿತೆಂಬ ಸಂತೋಷದಲ್ಲಿ ನಾನು ಬಾಗಿಲು ತೆರೆದೆ. ಗಿರಿಜೆ ಇಳಿಯಲಿಲ್ಲ. "ಮುಳ್ಳು ಈಗ ಎಲ್ಲಾರಿಗೂ ಒಂದೇ ಮಾತು ಹೇಳ್ತಾವಲ್ರಿ. ಆ ಕಡೆ ಬಂದು ಕೂಡ್ರಿ."

ಕಾರು ದಾವಣಗೆರೆಯ ಕಡೆ ತಿರುಗದೆ ಹೊಳೆಯ ಕಡೆ ತಿರುಗಿತು. ಸೇತುವೆಯ ಮೇಲೆ ಬಂದಾಗ, ಕೆಳಗೆ ತುಂಗಭದ್ರೆ ಬಿಸಿಲು ಹೊದ್ದು ಮಲಗಿದ್ದಳು. ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಈ ಸೇತುವೆ ದಾಟಿದ್ದರೂ ಈ ನೀರನ್ನು ನಾನು ನೋಡಿಯೇ ಇರಲಿಲ್ಲ. ಆಹಾ ಎನಿಸಿತು. ಸೇತುವೆ ದಾಟಿದ ಮೇಲೆ ಮರಗಳು ಭರ್ರನೆ ಹಿಂದೆ ಓಡತೊಡಗಿದವು.

"ಎಷ್ಟೈತೆ ಸ್ಪೀಡು? ಎಂಬತ್ತಾ?" ಎಂದೆ, ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು.

"ನಲವತ್ತು" ಎಂದಳು.

ಮುಳ್ಳು ಮಲಗಿದ್ದ ದಿನಗಳಲ್ಲಿ ನಾನು ಎಂಬತ್ತೆಂದು ನಂಬಿ ಓಡಿಸುತ್ತಿದ್ದುದು ನಿಜಕ್ಕೂ ಎಷ್ಟರಲ್ಲೋ, ಕೇಳುವ ಧೈರ್ಯವಾಗಲಿಲ್ಲ.